ಫೋಲ್ಡರಿನೊಳಗಿನ ಫೋಲ್ಡರುಗಳಲ್ಲಿರುವ ಫೈಲುಗಳನ್ನು ಬೇಗ, ಒಂದೂ ತಪ್ಪದಂತೆ ಪಟ್ಟಿ ಮಾಡುವುದು ಹೇಗೆ? ಪೈಥಾನ್ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ನಾಲ್ಕು ಫೋಲ್ಡರಿನ ಮೇಲೆ ಓಡಿಸಿದಾಗ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿದ ಪ್ರೋಗ್ರಾಂ, ಆಫೀಸಿನ ಬ್ಯಾಕಪ್ ಡಿಸ್ಕಿನ ಮೇಲೆ ಬಿಟ್ಟರೆ ಊಟ ಮಾಡಿ ಬಂದರೂ ಓಡುತ್ತಲೇ ಇರುತ್ತದೆ. ಕೊನೆಗೆ ಮುಗಿದರೂ ಪಟ್ಟಿಯಲ್ಲಿ ಕೆಲವು ಫೈಲುಗಳೇ ಇರುವುದಿಲ್ಲ. ಹೀಗಾಯಿತೆಂದು ನನಗೆ ಕೋಡ್ ತೋರಿಸುವವರು ಬಹಳ ಮಂದಿ. ಹೆಚ್ಚಿನವರ ಕೋಡಿನಲ್ಲಿ ಕಾಣುವುದು ಅವೇ ಎರಡು ತಪ್ಪುಗಳು. ಒಂದು, ಆಪರೇಟಿಂಗ್ ಸಿಸ್ಟಂ ಆಗಲೇ ಹೇಳಿದ್ದನ್ನು ಮತ್ತೆ ಮತ್ತೆ ಕೇಳುವುದು. ಎರಡು, ಅದು "ಇಲ್ಲಿ ನನ್ನಿಂದ ಆಗಲಿಲ್ಲ" ಎಂದು ಹೇಳಿದ್ದನ್ನು ಕೇಳಿಸಿಕೊಳ್ಳದೆ ಮುಂದೆ ಹೋಗುವುದು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿಸಿದವರು ಹಿಂದಿನ ಹಂತಕ್ಕೆ ಬಂದೇ ಬರುತ್ತಾರೆ.

ಆಜ್ಞೆಗಳ ಹೆಸರನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಕಾಗುಣಿತದಲ್ಲೇ ಮಾಡಿ.

## ಕೈಯಲ್ಲಿ ಇರಬೇಕಾದ ಸಾಮಾನು

ಪೈಥಾನ್ 3.6 ಅಥವಾ ಅದಕ್ಕಿಂತ ಹೊಸದು ಸಾಕು. 3.12 ಇದ್ದರೆ ಇನ್ನೂ ಒಳ್ಳೆಯದು, ಕಾರಣ ಮುಂದೆ ಬರುತ್ತದೆ. ಲಿನಕ್ಸ್ ಆದರೆ ಫೈಂಡ್ (ಫೈಲು ಹುಡುಕುವುದು) ಮತ್ತು ಎಸ್‌ಟ್ರೇಸ್ (ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಮ್ಮಿಗೆ ಮಾಡುವ ಕರೆಗಳನ್ನು ತೋರಿಸುವುದು) ಆಜ್ಞೆಗಳು ಬೇಕು. ಹೊರಗಿನ ಲೈಬ್ರರಿ ಯಾವುದನ್ನೂ ಹಾಕಿಕೊಳ್ಳಬೇಕಿಲ್ಲ. ಎಲ್ಲವೂ ಪೈಥಾನಿನ ಜೊತೆಗೇ ಬರುತ್ತದೆ, ಮುಖ್ಯ ಕೆಲಸ ಓಎಸ್ ಮಾಡ್ಯೂಲಿನದು.

## ಹಂತ 1: ಏನು ಬೇಕು ಎಂಬುದನ್ನು ಕಾಗದದ ಮೇಲೆ ಬರೆಯಿರಿ

ಬರೀ ಹೆಸರು ಸಾಕೇ, ಗಾತ್ರ ಮತ್ತು ತಾರೀಖೂ ಬೇಕೇ? ಈ ಒಂದು ಪ್ರಶ್ನೆಯ ಉತ್ತರದ ಮೇಲೆ ಮುಂದಿನ ದಾರಿ ಬೇರೆಯಾಗುತ್ತದೆ. ಲಿನಕ್ಸಿನಲ್ಲಿ ಫೋಲ್ಡರನ್ನು ಓದಿದಾಗ ಹೆಸರಿನ ಜೊತೆಗೆ ಅದು ಫೈಲೋ, ಫೋಲ್ಡರೋ, ಲಿಂಕೋ (ಇನ್ನೊಂದು ಜಾಗವನ್ನು ತೋರಿಸುವ ನಮೂದೋ) ಎಂಬುದು ಸಾಮಾನ್ಯವಾಗಿ ಬಂದುಬಿಡುತ್ತದೆ. ಗಾತ್ರ, ತಾರೀಖು ಬರುವುದಿಲ್ಲ, ಅದಕ್ಕೆ ಪ್ರತಿ ಫೈಲಿಗೂ ಆಪರೇಟಿಂಗ್ ಸಿಸ್ಟಮ್ಮಿಗೆ ಸ್ಟ್ಯಾಟ್ ಎಂಬ ಇನ್ನೊಂದು ಕರೆ ಮಾಡಬೇಕು. ವಿಂಡೋಸಿನಲ್ಲಿ ಗಾತ್ರವೂ ತಾರೀಖೂ ಹೆಸರಿನ ಜೊತೆಗೇ ಬರುತ್ತವೆ.

ಜೊತೆಗೆ ಇನ್ನೆರಡನ್ನು ಬರೆದುಕೊಳ್ಳಿ. ಚುಕ್ಕಿಯಿಂದ ಶುರುವಾಗುವ ಅಡಗಿದ ಫೈಲುಗಳು ಲೆಕ್ಕಕ್ಕೆ ಬರಬೇಕೇ? ಲಿಂಕಿನ ಆಚೆಗಿರುವ ಫೋಲ್ಡರಿನ ಒಳಕ್ಕೂ ಹೋಗಬೇಕೇ? ಎರಡನೆಯದಕ್ಕೆ ಗಟ್ಟಿ ಕಾರಣವಿಲ್ಲದಿದ್ದರೆ "ಬೇಡ" ಎಂದೇ ಬರೆಯಿರಿ.

## ಹಂತ 2: ಬೇಕೆಂದೇ ಹದಗೆಟ್ಟ ಪರೀಕ್ಷಾ ಫೋಲ್ಡರ್ ಕಟ್ಟಿಕೊಳ್ಳಿ

ಅಚ್ಚುಕಟ್ಟಾದ ಮೂರು ಫೋಲ್ಡರಿನ ಮೇಲೆ ಪರೀಕ್ಷೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ನಿಮ್ಮ ಪರೀಕ್ಷಾ ಫೋಲ್ಡರಿನಲ್ಲಿ ಇಷ್ಟು ಇರಲಿ: ಒಂದು ಖಾಲಿ ಫೋಲ್ಡರ್, ಓದಲು ಅನುಮತಿ ಇಲ್ಲದ ಒಂದು ಫೋಲ್ಡರ್, ತನ್ನ ಮೇಲಿನ ಫೋಲ್ಡರಿಗೇ ತಿರುಗಿ ತೋರಿಸುವ ಒಂದು ಲಿಂಕ್, ಎಲ್ಲಿಗೂ ತಲುಪದ ಮುರಿದ ಲಿಂಕ್, ಕನ್ನಡ ಹೆಸರಿನ ಫೈಲ್, ನಡುವೆ ಜಾಗ ಇರುವ ಹೆಸರು, ಲಿನಕ್ಸ್ ಆದರೆ ಹೆಸರಿನ ನಡುವೆಯೇ ಸಾಲು ಮುರಿಯುವ ಒಂದು ಫೈಲ್. ಅದರಲ್ಲಿ ಎಷ್ಟು ಫೈಲ್ ಇವೆ ಎಂದು ಕೈಯಿಂದ ಎಣಿಸಿ ಬರೆದಿಟ್ಟುಕೊಳ್ಳಿ. ಪ್ರತಿ ಹಂತದ ಕೊನೆಗೆ ಆ ಸಂಖ್ಯೆ ಬರುತ್ತದೆಯೇ ನೋಡಿ.

ಅನುಮತಿ ಇಲ್ಲದ ಫೋಲ್ಡರಿನ ಪರೀಕ್ಷೆಯನ್ನು ರೂಟ್ (ಎಲ್ಲ ಅಧಿಕಾರವೂ ಇರುವ ಲಾಗಿನ್) ಆಗಿ ಮಾಡಬೇಡಿ. ರೂಟಿಗೆ ಎಲ್ಲ ಬಾಗಿಲೂ ತೆರೆದಿರುತ್ತದೆ, ತಪ್ಪು ಕಾಣಿಸುವುದೇ ಇಲ್ಲ.

## ಹಂತ 3: ಲಿಸ್ಟ್‌ಡಿರ್ ಬಿಡಿ, ಸ್ಕ್ಯಾನ್‌ಡಿರ್ ಹಿಡಿಯಿರಿ

ನಿಧಾನದ ಮೂಲ ಇರುವುದು ಇಲ್ಲಿ. ಸಾಮಾನ್ಯವಾಗಿ ಕಾಣುವ ಕೋಡ್ ಹೀಗಿರುತ್ತದೆ: ಲಿಸ್ಟ್‌ಡಿರ್‌ನಿಂದ ಹೆಸರುಗಳನ್ನು ತರುವುದು, ಒಂದೊಂದಕ್ಕೂ ಪಾತ್ (ಫೈಲಿನ ಪೂರ್ಣ ವಿಳಾಸ) ಜೋಡಿಸುವುದು, "ಇದು ಫೋಲ್ಡರೇ?" ಎಂದು ಈಸ್‌ಡಿರ್ ಕೇಳುವುದು, ಅಲ್ಲದಿದ್ದರೆ "ಇದು ಫೈಲೇ?" ಎಂದು ಈಸ್‌ಫೈಲ್ ಕೇಳುವುದು, ಹೌದಾದರೆ ಗೆಟ್‌ಸೈಜ್ ಕೇಳುವುದು. ಓದಲು ಸರಿಯಾಗಿಯೇ ಇದೆ. ಆದರೆ ಆ ಮೂರೂ ಪ್ರಶ್ನೆಗಳು ಒಳಗೊಳಗೆ ಆಪರೇಟಿಂಗ್ ಸಿಸ್ಟಮ್ಮಿಗೆ ಒಂದೊಂದು ಕರೆ ಮಾಡುತ್ತವೆ. 1,00,000 ಫೈಲಿಗೆ 3,00,000 ಕರೆ. ಡಿಸ್ಕ್ ನೆಟ್‌ವರ್ಕಿನ ಆಚೆ ಇದ್ದು, ಒಂದು ಕರೆ ಹೋಗಿ ಬರಲು 1 ಮಿಲಿಸೆಕೆಂಡ್ ಹಿಡಿದರೂ 300 ಸೆಕೆಂಡ್, ಅಂದರೆ 5 ನಿಮಿಷ ಬರೀ ಕೇಳುವುದರಲ್ಲೇ ಹೋಯಿತು. ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಫೋಲ್ಡರ್ ಓದಿದಾಗಲೇ ಬಂದಿತ್ತು. ಲಿಸ್ಟ್‌ಡಿರ್ ಅದನ್ನು ಎಸೆದು ಬರೀ ಹೆಸರನ್ನು ನಿಮ್ಮ ಕೈಗಿಟ್ಟಿತು.

2015ರಲ್ಲಿ ಬಂದ ಪೈಥಾನ್ 3.5ರಲ್ಲಿ ಸ್ಕ್ಯಾನ್‌ಡಿರ್ ಸೇರಿಸಿದ್ದು ಈ ಕಾರಣಕ್ಕೇ. ಅದು ಕೊಡುವುದು ಹೆಸರುಗಳನ್ನಲ್ಲ, ಡಿರ್‌ಎಂಟ್ರಿ ಎಂಬ ನಮೂದುಗಳನ್ನು. ಪ್ರತಿ ನಮೂದಿನಲ್ಲೂ ಹೆಸರು, ಜೋಡಿಸಿದ ಪಾತ್, ಯಾವ ಬಗೆ ಎಂಬುದು ಇರುತ್ತವೆ. ಈಸ್_ಡಿರ್, ಈಸ್_ಫೈಲ್ ಎಂದು ಆ ನಮೂದನ್ನೇ ಕೇಳಿದರೆ ಹೆಚ್ಚಿನ ಸಂದರ್ಭಗಳಲ್ಲಿ ಹೊಸ ಕರೆ ಹೋಗುವುದೇ ಇಲ್ಲ. ಅದೇ ಆವೃತ್ತಿಯಲ್ಲಿ, ಫೋಲ್ಡರಿನ ಒಳಗೊಳಗೆ ತಾನೇ ಇಳಿದು ಹೆಸರುಗಳನ್ನು ಕೊಡುವ ಓಎಸ್.ವಾಕ್ ಕೂಡ ಒಳಗೆ ಸ್ಕ್ಯಾನ್‌ಡಿರ್ ಬಳಸತೊಡಗಿತು. ಅದರಿಂದ ಲಿನಕ್ಸ್, ಮ್ಯಾಕ್‌ಗಳಲ್ಲಿ 3ರಿಂದ 5 ಪಟ್ಟು, ವಿಂಡೋಸಿನಲ್ಲಿ 7ರಿಂದ 20 ಪಟ್ಟು ವೇಗ ಹೆಚ್ಚಿತೆಂದು ಪೈಥಾನಿನ ಬಿಡುಗಡೆ ಟಿಪ್ಪಣಿಯಲ್ಲೇ ಇದೆ.

ಹಾಗಾದರೆ ಓಎಸ್.ವಾಕ್ ಸಾಲದೇ? ಬರೀ ಹೆಸರು ಬೇಕಾದರೆ ಧಾರಾಳವಾಗಿ ಸಾಕು. ಗಾತ್ರವೂ ಬೇಕಾದರೆ ಸಾಲದು. ವಾಕ್ ನಿಮಗೆ ಕೊಡುವುದು ಮತ್ತೆ ಬರೀ ಹೆಸರುಗಳನ್ನೇ, ನಮೂದುಗಳು ಅದರ ಹೊಟ್ಟೆಯಲ್ಲೇ ಉಳಿದುಹೋಗುತ್ತವೆ. ವಿಂಡೋಸಿನಲ್ಲಿ ಪುಕ್ಕಟೆ ಸಿಗುತ್ತಿದ್ದ ಗಾತ್ರಕ್ಕೆ ನೀವು ಮತ್ತೆ ಕರೆ ಮಾಡಬೇಕಾಗುತ್ತದೆ. ಪಾತ್‌ಲಿಬ್‌ನ ಆರ್‌ಗ್ಲಾಬ್ ಬರೆಯಲು ಚೆಂದ, ಸಣ್ಣ ಕೆಲಸಕ್ಕೆ ನಾನೂ ಬಳಸುತ್ತೇನೆ. ಆದರೆ ಪ್ರತಿ ಫೈಲಿಗೂ ಒಂದು ಪಾತ್ ಆಬ್ಜೆಕ್ಟ್ ಕಟ್ಟುವುದರಿಂದ ಲಕ್ಷಗಟ್ಟಲೆ ಫೈಲಿನ ಮುಂದೆ ಅದು ಭಾರವಾಗುತ್ತದೆ.

ಇಲ್ಲಿ ಆಗುವ ತಪ್ಪು ಒಂದಿದೆ. ನಮೂದಿನ ಈಸ್_ಡಿರ್ ಬಿಟ್ಟು, ಅಭ್ಯಾಸಬಲದಿಂದ ಓಎಸ್.ಪಾತ್.ಈಸ್‌ಡಿರ್‌ಗೆ ನಮೂದಿನ ಪಾತನ್ನು ಕೊಡುವುದು. ಪ್ರೋಗ್ರಾಂ ಸರಿಯಾಗಿಯೇ ಓಡುತ್ತದೆ, ಗಳಿಸಿದ ವೇಗವೆಲ್ಲ ಹೋಗುತ್ತದೆ. "ಸ್ಕ್ಯಾನ್‌ಡಿರ್ ಹಾಕಿದರೂ ಏನೂ ವ್ಯತ್ಯಾಸ ಆಗಲಿಲ್ಲ" ಎನ್ನುವವರ ಕೋಡಿನಲ್ಲಿ ಮೊದಲು ಹುಡುಕಬೇಕಾದದ್ದು ಇದನ್ನೇ.

## ಹಂತ 4: ತನ್ನನ್ನೇ ಕರೆಯುವ ಫಂಕ್ಷನ್ ಬೇಡ, ಬಾಕಿ ಪಟ್ಟಿ ಇಡಿ

ರಿಕರ್ಷನ್ ಪಾಠದಲ್ಲಿ ಚೆನ್ನಾಗಿ ಕಾಣುತ್ತದೆ. ನಿಜವಾದ ಡಿಸ್ಕಿನಲ್ಲಿ ಅದಕ್ಕೆ ಎರಡು ತೊಡಕು. ಪೈಥಾನ್ ಮೊದಲಿಗೇ 1000 ಮಟ್ಟದ ಮಿತಿ ಇಟ್ಟಿದೆ, ಅದನ್ನು ದಾಟಿದರೆ ರಿಕರ್ಷನ್‌ಎರರ್. ಇನ್ನೊಂದು ತೊಡಕು: ಸ್ಕ್ಯಾನ್‌ಡಿರ್ ಮುಗಿಯುವ ಮುನ್ನವೇ ಒಳಗಿನ ಫೋಲ್ಡರಿಗೆ ಇಳಿದರೆ ಮೇಲಿನ ಪ್ರತಿ ಫೋಲ್ಡರೂ ತೆರೆದೇ ಇರುತ್ತದೆ. ಲಿನಕ್ಸಿನಲ್ಲಿ ಒಂದು ಪ್ರೋಗ್ರಾಂ ಒಮ್ಮೆಗೆ ತೆರೆದಿಡಬಹುದಾದ ಫೈಲುಗಳ ಮಿತಿ ಸಾಮಾನ್ಯವಾಗಿ 1024. (ಓಎಸ್.ವಾಕ್ ಕೂಡ 3.12ರಿಂದ ರಿಕರ್ಷನ್ ಬಿಟ್ಟಿದೆ. ಹೊಸ ಆವೃತ್ತಿ ಒಳ್ಳೆಯದು ಎಂದದ್ದು ಇದಕ್ಕೂ ಸೇರಿ.)

ನೋಡಬೇಕಾದ ಫೋಲ್ಡರುಗಳನ್ನು ಒಂದು ಪಟ್ಟಿಯಲ್ಲಿ ಹಾಕಿಕೊಳ್ಳುತ್ತ ಹೋಗಿ, ಒಂದೊಂದಾಗಿ ತೆಗೆಯಿರಿ. ಕೋಡಿನ ಹಂದರ ಇದು:

    ಬಾಕಿ = [ಮೂಲ ಫೋಲ್ಡರ್]
    ಬಾಕಿ ಖಾಲಿಯಾಗುವವರೆಗೆ:
        ಈಗಿನದು = ಬಾಕಿ.ಪಾಪ್()
        ಟ್ರೈ:
            ವಿತ್ ಸ್ಕ್ಯಾನ್‌ಡಿರ್(ಈಗಿನದು) ಆ್ಯಸ್ ಸಾಲು:
                ಸಾಲಿನ ಪ್ರತಿ ನಮೂದಿಗೆ:
                    ನಮೂದು ಫೋಲ್ಡರ್ ಆದರೆ (ಲಿಂಕ್ ಹಿಂಬಾಲಿಸದೆ):
                        ಬಿಡಬೇಕಾದ ಹೆಸರಲ್ಲದಿದ್ದರೆ ಅದರ ಪಾತನ್ನು ಬಾಕಿಗೆ ಸೇರಿಸಿ
                    ನಮೂದು ಫೈಲ್ ಆದರೆ (ಲಿಂಕ್ ಹಿಂಬಾಲಿಸದೆ):
                        ಯೀಲ್ಡ್ ನಮೂದು
        ಓಎಸ್‌ಎರರ್ ಬಂದರೆ:
            ತಪ್ಪುಗಳು ಪಟ್ಟಿಗೆ (ಈಗಿನದು, ಕಾರಣ) ಸೇರಿಸಿ

ವಿತ್ ಹಾಕುವುದನ್ನು ಮರೆಯಬೇಡಿ, ಕೆಲಸ ಮುಗಿದ ಕೂಡಲೇ ಫೋಲ್ಡರನ್ನು ಮುಚ್ಚುವುದು ಅದೇ. ಈ ಸೌಲಭ್ಯ ಬಂದದ್ದು 3.6ರಲ್ಲಿ. ಪಾಪ್ ಮಾಡುವಾಗ ಕೊನೆಯದನ್ನೇ ತೆಗೆಯಿರಿ. ಮೊದಲನೆಯದು ಬೇಕೆಂದು ಪಾಪ್(0) ಬರೆದರೆ ಪ್ರತಿ ಬಾರಿಯೂ ಉಳಿದ ಇಡೀ ಪಟ್ಟಿ ಒಂದು ಸ್ಥಾನ ಮುಂದಕ್ಕೆ ಸರಿಯಬೇಕು, ಬಾಕಿ ಬೆಳೆದಷ್ಟೂ ನಿಧಾನ.

ಯೀಲ್ಡ್ ಇಟ್ಟಿರುವುದು ಮೆಮೊರಿಯ ಸಲುವಾಗಿ. ಎಲ್ಲವನ್ನೂ ಒಂದು ಲಿಸ್ಟಿಗೆ ತುಂಬಿ ಕೊನೆಗೆ ಬರೆಯುವ ಬದಲು, ಸಿಕ್ಕಿದ್ದನ್ನು ಸಿಕ್ಕ ಹಾಗೆ ಬರೆಯಿರಿ. ನಡುವೆ ಕರೆಂಟ್ ಹೋದರೂ ಅಲ್ಲಿಯವರೆಗಿನದರಲ್ಲಿ ಬಹುಪಾಲು ಉಳಿಯುತ್ತದೆ. ಒಂದು ಎಚ್ಚರಿಕೆ: ಪಟ್ಟಿ ಬರೆಯುವ ಫೈಲನ್ನು ನೀವು ಹುಡುಕುತ್ತಿರುವ ಫೋಲ್ಡರಿನ ಒಳಗೇ ಇಟ್ಟರೆ ಪಟ್ಟಿಯೊಳಗೆ ಪಟ್ಟಿಯೇ ಬಂದು ಕೂರುತ್ತದೆ. ಹೊರಗಿಡಿ.

## ಹಂತ 5: ಬೇಡದ ಫೋಲ್ಡರಿನ ಬಾಗಿಲಲ್ಲೇ ನಿಲ್ಲಿ

ಒಳಗೆ ಹೋಗಿ ಎಲ್ಲ ಫೈಲನ್ನೂ ಎಣಿಸಿ ಆಮೇಲೆ ಬೇಡದ್ದನ್ನು ಸೋಸುವುದು ವ್ಯರ್ಥ ದುಡಿಮೆ. ನೋಡ್ ಮಾಡ್ಯೂಲ್ಸ್, ಡಾಟ್ ಗಿಟ್, ಪೈಕ್ಯಾಶ್ ತರಹದ ಫೋಲ್ಡರುಗಳ ಹೆಸರನ್ನು ಒಂದು ಸೆಟ್‌ನಲ್ಲಿಟ್ಟು, ಬಾಕಿಗೆ ಸೇರಿಸುವ ಮುನ್ನವೇ ತಡೆಯಿರಿ. ಲಿನಕ್ಸಿನಲ್ಲಿ ಮೂಲದಿಂದಲೇ ಶುರು ಮಾಡುವುದಾದರೆ ಪ್ರೊಕ್ ಮತ್ತು ಸಿಸ್ ಫೋಲ್ಡರುಗಳನ್ನೂ ಬಿಡಿ, ಅವು ಡಿಸ್ಕಿನಲ್ಲಿರುವ ಫೈಲುಗಳೇ ಅಲ್ಲ.

ಓಎಸ್.ವಾಕ್ ಬಳಸುವವರು ಇಲ್ಲಿ ಎಡವುತ್ತಾರೆ. ವಾಕ್ ಕೊಡುವ ಫೋಲ್ಡರ್ ಪಟ್ಟಿಯ ಡಿರ್ಸ್ ಎಂಬ ಹೆಸರಿಗೆ ಹೊಸ ಪಟ್ಟಿ ಕೊಟ್ಟರೆ ವಾಕ್‌ಗೆ ಅದು ತಿಳಿಯುವುದೇ ಇಲ್ಲ. ಡಿರ್ಸ್[:] ಎಂದು ಬರೆದು ಅದೇ ಪಟ್ಟಿಯ ಒಳಗಿನದನ್ನು ಬದಲಿಸಬೇಕು. ಆ ಪಟ್ಟಿಯ ಮೇಲೆ ಲೂಪ್ ಓಡಿಸುತ್ತಲೇ ಅದರಿಂದ ರಿಮೂವ್ ಮಾಡಿದರೆ ಪಕ್ಕದ ಫೋಲ್ಡರ್ ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತದೆ. ಟಾಪ್‌ಡೌನ್ ಅನ್ನು ಫಾಲ್ಸ್ ಮಾಡಿದ್ದರೆ ಈ ತಡೆ ನಡೆಯುವುದೇ ಇಲ್ಲ, ವಾಕ್ ಆಗಲೇ ಒಳಗೆ ಹೋಗಿ ಬಂದಿರುತ್ತದೆ.

## ಹಂತ 6: ಲಿಂಕುಗಳ ಸುತ್ತು

ಮೇಲಿನ ಹಂದರದಲ್ಲಿ ಲಿಂಕ್ ಹಿಂಬಾಲಿಸುವುದಿಲ್ಲ, ಅದಕ್ಕಾಗಿ ಈಸ್_ಡಿರ್‌ಗೂ ಈಸ್_ಫೈಲ್‌ಗೂ ಫಾಲೋ_ಸಿಮ್‌ಲಿಂಕ್ಸ್ ಫಾಲ್ಸ್ ಎಂದು ಕೊಡಬೇಕು. ಕೊಡದಿದ್ದರೆ ಹಿಂಬಾಲಿಸುವುದೇ ಅದರ ರೂಢಿ.

ಹಿಂಬಾಲಿಸಲೇಬೇಕು ಎಂದಾದರೆ, ಪ್ರತಿ ಫೋಲ್ಡರಿನ ಡಿವೈಸ್ ಸಂಖ್ಯೆ (ಯಾವ ಡಿಸ್ಕು) ಮತ್ತು ಐನೋಡ್ ಸಂಖ್ಯೆಯ (ಆ ಡಿಸ್ಕಿನಲ್ಲಿ ಅದರ ಗುರುತು) ಜೋಡಿಯನ್ನು ಒಂದು ಸೆಟ್‌ನಲ್ಲಿಡಿ. ಆಗಲೇ ಇದ್ದರೆ ಮತ್ತೆ ಹೋಗಬೇಡಿ. ವಿಂಡೋಸಿನಲ್ಲಿ ನಮೂದಿನ ಸ್ಟ್ಯಾಟ್ ಈ ಎರಡನ್ನೂ ಸೊನ್ನೆ ಎಂದೇ ಕೊಡುತ್ತದೆ. ಅದನ್ನು ನಂಬಿದರೆ ಎರಡನೆಯ ಫೋಲ್ಡರಿನಿಂದಲೇ "ನೋಡಿ ಆಯಿತು" ಎಂದು ಎಲ್ಲವನ್ನೂ ಬಿಟ್ಟುಬಿಡುತ್ತೀರಿ. ಅಲ್ಲಿ ಓಎಸ್.ಸ್ಟ್ಯಾಟ್ ಅನ್ನೇ ಕರೆಯಿರಿ. ವಿಂಡೋಸಿನ ಜಂಕ್ಷನ್‌ಗಳು (ಇನ್ನೊಂದು ಫೋಲ್ಡರಿಗೆ ಕಳಿಸುವ ಬೇರೆ ಬಗೆಯ ಲಿಂಕುಗಳು) ಸಿಮ್‌ಲಿಂಕಿನಂತೆ ಕಾಣಿಸಿಕೊಳ್ಳುವುದಿಲ್ಲ, 3.12ರಲ್ಲಿ ಬಂದ ಈಸ್_ಜಂಕ್ಷನ್ ಅವನ್ನು ಗುರುತಿಸುತ್ತದೆ.

ಸುತ್ತು ಹಿಡಿದಿದೆ ಎಂಬುದರ ಗುರುತು: ಪಾತಿನಲ್ಲಿ ಅದೇ ಹೆಸರು ಮತ್ತೆ ಮತ್ತೆ ಬರುವುದು, ಫೋಟೋ/ಹಳೆಯದು/ಫೋಟೋ/ಹಳೆಯದು ಎಂಬಂತೆ. ಲಿನಕ್ಸ್ ಒಂದು ಪಾತಿನಲ್ಲಿ 40ಕ್ಕಿಂತ ಹೆಚ್ಚು ಲಿಂಕ್ ಬಿಡಿಸುವುದಿಲ್ಲವಾದ್ದರಿಂದ ಕೊನೆಗೆ ನಿಲ್ಲುತ್ತದೆ. ಆದರೆ ಅಷ್ಟರಲ್ಲಿ ಅದೇ ಫೈಲುಗಳು ನಲವತ್ತು ಬಾರಿ ಪಟ್ಟಿಗೆ ಬಂದಿರುತ್ತವೆ.

## ಹಂತ 7: ತಪ್ಪನ್ನು ನುಂಗಬೇಡಿ

ನಿಧಾನವಾದ ಪಟ್ಟಿಯಿಂದ ಹೊತ್ತು ಹಾಳಾಗುತ್ತದೆ, ಅಷ್ಟೇ. ಕೊರತೆಯಿರುವ ಪಟ್ಟಿಯಿಂದ ಫೈಲುಗಳೇ ಹಾಳಾಗುತ್ತವೆ. ಒಮ್ಮೆ ನಾನು ಹಳೆಯ ಡಿಸ್ಕಿನಿಂದ ಹೊಸದಕ್ಕೆ ಪಟ್ಟಿ ನೋಡಿಕೊಂಡು ಫೈಲುಗಳನ್ನು ಸಾಗಿಸಿದೆ. ಸಂಖ್ಯೆ ತಾಳೆಯಾಯಿತು, ಹಳೆಯದನ್ನು ಅಳಿಸಿದೆ. ತಾಳೆಯಾದದ್ದು ಪಟ್ಟಿಗೂ ಹೊಸ ಡಿಸ್ಕಿಗೂ. ಹಳೆಯ ಡಿಸ್ಕಿನಲ್ಲಿ ನನ್ನ ಲಾಗಿನ್‌ಗೆ ಅನುಮತಿ ಇಲ್ಲದ ಒಂದು ಫೋಲ್ಡರ್ ಇತ್ತು, ಅದು ಪಟ್ಟಿಗೆ ಬಂದೇ ಇರಲಿಲ್ಲ. ಓಎಸ್.ವಾಕ್‌ಗೆ ಆನ್‌ಎರರ್ (ತಪ್ಪಾದಾಗ ಕರೆಯಬೇಕಾದ ಫಂಕ್ಷನ್) ಕೊಡದಿದ್ದರೆ ಅದು ಫೋಲ್ಡರ್ ತೆರೆಯಲಾಗದ ತಪ್ಪನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಅಲ್ಲಿಂದ ಈಚೆಗೆ ಆನ್‌ಎರರ್ ಇಲ್ಲದ ವಾಕನ್ನು ನಾನು ಬರೆದಿಲ್ಲ.

ಆದ್ದರಿಂದ ಮೂರು ಕೆಲಸ ಮಾಡಿ. ಫೋಲ್ಡರ್ ತೆರೆಯಲಾಗದಿದ್ದರೆ ಪಾತನ್ನೂ ಕಾರಣವನ್ನೂ ತಪ್ಪುಗಳ ಪಟ್ಟಿಗೆ ಸೇರಿಸಿ. ಸ್ಟ್ಯಾಟ್ ಕೇಳುವ ಕಡೆ ಬೇರೆ ಟ್ರೈ ಇಡಿ, ಪಟ್ಟಿ ಮಾಡಿದ ಕ್ಷಣಕ್ಕೂ ಗಾತ್ರ ಕೇಳಿದ ಕ್ಷಣಕ್ಕೂ ನಡುವೆ ಯಾರಾದರೂ ಆ ಫೈಲನ್ನು ಅಳಿಸಿರಬಹುದು. ಕೊನೆಯಲ್ಲಿ ತಪ್ಪುಗಳ ಸಂಖ್ಯೆಯನ್ನು ಫೈಲುಗಳ ಸಂಖ್ಯೆಯ ಪಕ್ಕದಲ್ಲೇ ಮುದ್ರಿಸಿ. ಕಾರಣ ಹಿಡಿಯದೆ ಎಕ್ಸೆಪ್ಟ್, ಪಾಸ್ ಎಂದು ಎರಡು ಸಾಲು ಬರೆದಿದ್ದರೆ ಈಗಲೇ ತೆಗೆಯಿರಿ.

ವಿಂಡೋಸಿನಲ್ಲಿ ಇನ್ನೊಂದು ಬಗೆಯ ಕೊರತೆ ಇದೆ. ಪಾತಿನ ಉದ್ದ 260 ಅಕ್ಷರ ಮುಟ್ಟಿದರೆ ಕಣ್ಣೆದುರಿಗಿರುವ ಫೋಲ್ಡರನ್ನೇ "ಸಿಗಲಿಲ್ಲ" ಎನ್ನುತ್ತದೆ. ವಿಂಡೋಸ್ 10ರ 1607 ಆವೃತ್ತಿಯಿಂದ ರಿಜಿಸ್ಟ್ರಿಯಲ್ಲಿ ಈ ಮಿತಿಯನ್ನು ತೆಗೆಯಬಹುದು. ಇಲ್ಲವೇ ಪೂರ್ಣ ಪಾತಿನ ಮುಂದೆ \\?\ ಹಾಕಿ, ಆಗ ಓರೆಗೆರೆಗಳೆಲ್ಲ ಹಿಮ್ಮುಖವಾಗಿಯೇ ಇರಬೇಕು.

## ಹಂತ 8: ಕನ್ನಡ ಹೆಸರುಗಳಿಗೆ ಬೇಕಾದ ಎಚ್ಚರ

ಇಂಗ್ಲಿಷ್ ಹೆಸರಿನ ಫೈಲುಗಳಲ್ಲಿ ಎಂದೂ ಕಾಣದ ತೊಂದರೆಗಳು ಇಲ್ಲಿ ಬರುತ್ತವೆ.

"ಫೋಟೋ" ಎಂಬ ಹೆಸರನ್ನು ತೆಗೆದುಕೊಳ್ಳಿ. ಸಾಮಾನ್ಯವಾಗಿ ಟೈಪ್ ಮಾಡಿದಾಗ ಅದರಲ್ಲಿ ನಾಲ್ಕು ಯುನಿಕೋಡ್ ಸಂಕೇತಗಳು: ಫ, ಓ ಸ್ವರಚಿಹ್ನೆ, ಟ, ಓ ಸ್ವರಚಿಹ್ನೆ. ಆದರೆ ಓ ಸ್ವರಚಿಹ್ನೆಯನ್ನು ಎ ಚಿಹ್ನೆ, ಊ ಚಿಹ್ನೆ, ದೀರ್ಘದ ಗುರುತು ಎಂದು ಮೂರು ತುಂಡಾಗಿಯೂ ಬರೆಯಬಹುದು. ಹಾಗೆ ಬಿಡಿಸಿ ಬರೆದಾಗ ಅದೇ "ಫೋಟೋ"ದಲ್ಲಿ ಎಂಟು ಸಂಕೇತ. ಪರದೆಯ ಮೇಲೆ ಎರಡೂ ಒಂದೇ, ಪೈಥಾನ್ ಹೋಲಿಸಿದರೆ ಬೇರೆ ಬೇರೆ. ಎಚ್‌ಎಫ್‌ಎಸ್ ಪ್ಲಸ್ ಎಂಬ ಫೈಲ್‌ಸಿಸ್ಟಂ ಇದ್ದ ಹಳೆಯ ಮ್ಯಾಕ್ ಡಿಸ್ಕುಗಳು ಹೆಸರನ್ನು ಬಿಡಿಸಿಯೇ ಇಡುತ್ತಿದ್ದವು. ಅಲ್ಲಿಂದ ಬಂದ ಫೈಲುಗಳನ್ನು ಇಲ್ಲಿನವುಗಳ ಜೊತೆ ಹೋಲಿಸಿದಾಗ ಇಂಥ ಚಿಹ್ನೆಯಿರುವ ಹೆಸರುಗಳು ಹೊಂದುವುದಿಲ್ಲ. ಹೋಲಿಸುವ ಮುನ್ನ ಎರಡನ್ನೂ ಯುನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್‌ಗೆ ಕೊಟ್ಟು ಎನ್‌ಎಫ್‌ಸಿ ಎಂಬ ಕೂಡಿಸಿ ಬರೆದ ರೂಪಕ್ಕೆ ತನ್ನಿ.

ನಾರ್ಮಲೈಸ್‌ಗೂ ಸಿಗದ್ದು ಒಂದಿದೆ. ಅರ್ಧಾಕ್ಷರದಲ್ಲಿ ಮುಗಿಯುವ "ಬಿಲ್" ತರಹದ ಹೆಸರಿನ ಕೊನೆಗೆ ಕೆಲವು ಕೀಲಿಮಣೆಗಳು ಕಣ್ಣಿಗೆ ಕಾಣದ ನಾನ್‌ಜಾಯ್ನರ್ ಗುರುತನ್ನು ಬಿಟ್ಟಿರುತ್ತವೆ. ಹೋಲಿಕೆಯ ಕೀಲಿಯಿಂದ ಅದನ್ನು ನೀವೇ ತೆಗೆಯಬೇಕು. ಹೀಗೆ ತಿದ್ದಿದ ಹೆಸರು ಹೋಲಿಕೆಗೆ ಮಾತ್ರ, ಫೈಲ್ ತೆರೆಯಲು ಡಿಸ್ಕಿನಿಂದ ಬಂದ ಮೂಲ ಹೆಸರನ್ನೇ ಬಳಸಿ.

ಉದ್ದದ ಲೆಕ್ಕವೂ ಬೇರೆ. ಲಿನಕ್ಸಿನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್, ಅಂದರೆ 85 ಸಂಕೇತಕ್ಕೆ ಮುಗಿಯಿತು. "ಕ್ಷ" ಒಂದಕ್ಕೇ 9 ಬೈಟ್. ವಿಂಡೋಸಿನ ಎನ್‌ಟಿಎಫ್‌ಎಸ್ ಡಿಸ್ಕು ಬೈಟ್ ಲೆಕ್ಕ ಹಾಕುವುದಿಲ್ಲ, ಕನ್ನಡದ 255 ಸಂಕೇತಗಳೂ ಹಿಡಿಯುತ್ತವೆ. ಅಲ್ಲಿ ಸುಖವಾಗಿದ್ದ ಸುತ್ತೋಲೆಯ ಉದ್ದನೆಯ ಹೆಸರು ಲಿನಕ್ಸ್ ಸರ್ವರಿಗೆ ನಕಲಾಗದಿರುವುದು ಇದಕ್ಕೇ.

ಪಟ್ಟಿ ಬರೆಯುವ ಫೈಲನ್ನು ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಸ್ಪಷ್ಟವಾಗಿ ಕೊಡಿ. ಕೊಡದಿದ್ದರೆ ಎಷ್ಟೋ ವಿಂಡೋಸ್ ಯಂತ್ರಗಳಲ್ಲಿ ಮೊದಲ ಕನ್ನಡ ಹೆಸರಿಗೇ ಯುನಿಕೋಡ್‌ಎನ್‌ಕೋಡ್‌ಎರರ್ ಬರುತ್ತದೆ. ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆಯುವವರು ಯುಟಿಎಫ್-8-ಸಿಗ್ ಕೊಡಿ, ಇಲ್ಲವಾದರೆ ಕನ್ನಡದ ಜಾಗದಲ್ಲಿ ಕಲಸುಮೇಲೋಗರ ಕಾಣುತ್ತದೆ. ಲಿನಕ್ಸಿನಲ್ಲಿ ಯುಟಿಎಫ್-8 ಅಲ್ಲದ ಹಳೆಯ ಹೆಸರುಗಳೂ ಸಿಗಬಹುದಾದ್ದರಿಂದ ಅಲ್ಲಿ ಎರರ್ಸ್‌ಗೆ ಸರೊಗೇಟ್‌ಎಸ್ಕೇಪ್ ಕೊಡಿ. ಸಾಲಿಗೊಂದು ಹೆಸರು ಎಂದು ಬರೆಯುವ ಬದಲು ಸಿಎಸ್‌ವಿ ಮಾಡ್ಯೂಲ್ ಬಳಸಿ. ಹಂತ 2ರಲ್ಲಿ ಮಾಡಿಟ್ಟ ಸಾಲು ಮುರಿಯುವ ಹೆಸರು ನಿಮ್ಮನ್ನು ಪರೀಕ್ಷಿಸುವುದು ಇಲ್ಲೇ.

## ಹಂತ 9: ಅಳೆಯಿರಿ

ಒಂದೇ ಫೋಲ್ಡರಿನ ಮೇಲೆ ಎರಡನೆಯ ಬಾರಿ ಓಡಿಸಿದಾಗ ವೇಗ ಹೆಚ್ಚಿದರೆ ನಿಮ್ಮ ತಿದ್ದುಪಡಿಯಿಂದ ಎಂದುಕೊಳ್ಳಬೇಡಿ. ಮೊದಲ ಬಾರಿ ಓದಿದ್ದು ಮೆಮೊರಿಯಲ್ಲಿ ಉಳಿದಿರುತ್ತದೆ. ಹಳೆಯ ಕೋಡ್, ಹೊಸ ಕೋಡ್ ಎರಡನ್ನೂ ಎರಡೆರಡು ಬಾರಿ ಓಡಿಸಿ, ಎರಡನೆಯ ಓಟಗಳನ್ನು ಹೋಲಿಸಿ.

ಗಡಿಯಾರಕ್ಕಿಂತ ನನಗೆ ನಂಬಿಕೆ ಇರುವುದು ಕರೆಗಳ ಎಣಿಕೆಯಲ್ಲಿ. ಎಸ್‌ಟ್ರೇಸ್‌ಗೆ ಮೈನಸ್ ಸಿ ಕೊಟ್ಟು ಪ್ರೋಗ್ರಾಂ ಓಡಿಸಿದರೆ ಯಾವ ಕರೆ ಎಷ್ಟು ಬಾರಿ ಹೋಯಿತು ಎಂಬ ಕೋಷ್ಟಕ ಬರುತ್ತದೆ. ಬರೀ ಹೆಸರು ಕೇಳುವ ಪ್ರೋಗ್ರಾಮಿನಲ್ಲಿ ಸ್ಟ್ಯಾಟ್ ಜಾತಿಯ ಕರೆಗಳು ಫೈಲುಗಳ ಸಂಖ್ಯೆಯಷ್ಟೇ ಇದ್ದರೆ ಎಲ್ಲೋ ನಮೂದನ್ನು ಬಿಟ್ಟು ಪಾತನ್ನು ಕೇಳುತ್ತಿದ್ದೀರಿ, ಹಂತ 3ಕ್ಕೆ ಹಿಂತಿರುಗಿ. ಕೋಡ್ ಸರಿಯಿದ್ದೂ ಹೀಗಾದರೆ ಆ ಫೈಲ್‌ಸಿಸ್ಟಂ ಬಗೆಯನ್ನು ಹೇಳದ ಜಾತಿಯದಿರಬಹುದು, ಆಗ ಸ್ಟ್ಯಾಟ್ ತಪ್ಪಿಸಲಾಗದು.

ಥ್ರೆಡ್ ಹಾಕುವ (ಹಲವು ಕೆಲಸ ಒಟ್ಟೊಟ್ಟಿಗೆ ನಡೆಸುವ) ಯೋಚನೆ ಇಲ್ಲಿಯವರೆಗೆ ಬೇಡ. ಇದೆಲ್ಲ ಆದ ಮೇಲೂ ನಿಧಾನವೆನಿಸಿದರೆ, ಅದೂ ಡಿಸ್ಕ್ ನೆಟ್‌ವರ್ಕಿನ ಆಚೆ ಇದ್ದರೆ, ಫೋಲ್ಡರಿಗೊಂದು ಕೆಲಸದಂತೆ ಥ್ರೆಡ್‌ಪೂಲ್‌ಗೆ ಕೊಡಿ. 8ರಿಂದ ಶುರು ಮಾಡಿ, ಅಳೆದು ಹೆಚ್ಚಿಸಿ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಇದರಿಂದ ಲಾಭಕ್ಕಿಂತ ನಷ್ಟವೇ ಆಗಬಹುದು, ಓದುವ ಮುಳ್ಳು ಒಂದೇ, ಅದು ಅತ್ತಿತ್ತ ಓಡಾಡಬೇಕು.

## ಹಂತ 10: ಬೇರೆಯವರ ಲೆಕ್ಕದ ಜೊತೆ ತಾಳೆ ನೋಡಿ

ಲಿನಕ್ಸಿನಲ್ಲಿ ಫೈಂಡ್ ಆಜ್ಞೆಗೆ ಟೈಪ್ ಎಫ್ ಎಂದು ಕೊಟ್ಟು, ಪ್ರಿಂಟ್‌ಎಫ್‌ನಿಂದ ಒಂದೊಂದು ಫೈಲಿಗೆ ಒಂದೊಂದು ಚುಕ್ಕಿ ಮುದ್ರಿಸಿ, ಆ ಚುಕ್ಕಿಗಳನ್ನು ಡಬ್ಲ್ಯುಸಿ ಮೈನಸ್ ಸಿ ಇಂದ ಎಣಿಸಿ. ಸಾಲುಗಳನ್ನು ಎಣಿಸಿದರೆ ಸಾಲು ಮುರಿಯುವ ಹೆಸರು ಎರಡಾಗಿ ಲೆಕ್ಕಕ್ಕೆ ಬರುತ್ತದೆ, ಚುಕ್ಕಿ ತಪ್ಪುವುದಿಲ್ಲ. ಹೆಸರು ನೋಡಿ ತಡೆದ ಫೋಲ್ಡರುಗಳಿದ್ದರೆ ತಾಳೆಯ ಓಟದಲ್ಲಿ ಆ ತಡೆಯನ್ನು ತೆಗೆದುಬಿಡಿ.

ಫೈಂಡ್ ಹೆಚ್ಚು ಹೇಳಿದರೆ ಅಡಗಿದ ಫೈಲುಗಳನ್ನು ಎಲ್ಲೋ ಬಿಡುತ್ತಿದ್ದೀರಿ. ನಿಮ್ಮದು ಹೆಚ್ಚಿದ್ದರೆ ಲಿಂಕನ್ನು ಹಿಂಬಾಲಿಸುತ್ತಿದ್ದೀರಿ. ಎರಡೂ ಒಂದೇ ಇದ್ದು ತಪ್ಪುಗಳ ಪಟ್ಟಿ ಖಾಲಿ ಇಲ್ಲದಿದ್ದರೆ, ಇಬ್ಬರಿಗೂ ಅನುಮತಿ ಸಿಗದ ಫೋಲ್ಡರ್ ಇದೆ ಎಂದರ್ಥ. ಆ ಫೋಲ್ಡರಿನ ಒಡೆಯರಿಂದ ಅನುಮತಿ ಪಡೆದು ಮತ್ತೊಮ್ಮೆ ಓಡಿಸಿ. ಅಳಿಸುವುದು, ಹೆಸರು ಬದಲಿಸುವುದು ಏನೇ ಇದ್ದರೂ ಈ ತಾಳೆ ಮುಗಿದ ಮೇಲೆ, ಬರೆದಿಟ್ಟ ಪಟ್ಟಿಯನ್ನು ಓದಿಕೊಂಡು ಮಾಡಿ. ಸ್ಕ್ಯಾನ್ ನಡೆಯುತ್ತಿರುವಾಗಲೇ ಮಾಡಿದರೆ ಬದಲಾದ ಹೆಸರು ಮತ್ತೆ ಸಿಗುತ್ತದೋ ಇಲ್ಲವೋ ಎಂಬುದಕ್ಕೆ ಪೈಥಾನೂ ಮಾತು ಕೊಡುವುದಿಲ್ಲ, ಆಪರೇಟಿಂಗ್ ಸಿಸ್ಟಮ್ಮೂ ಕೊಡುವುದಿಲ್ಲ.